ಹೊಸ ಮಡಚು ಚಾಕು ಕರಕರ ಎನ್ನುತ್ತಿದ್ದರೆ

ತೆರೆದ ಅಲಗನ್ನು ಹಿಡಿದಿಡುವ ಲಾಕ್ ಸರಿಯಿದ್ದರೆ, ಸ್ಕ್ರೂ ಮುಟ್ಟುವ ಮೊದಲು ಚಾಕು ತೊಳೆಯಿರಿ. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 4 ಹನಿ ಹಾಕಿ, ಚಾಕು ಮುಳುಗಿಸಿ 20 ಸಲ ನಿಧಾನವಾಗಿ ತೆರೆದು ಮಡಚಿ. ಪೂರ್ತಿ ಒಣಗಿದ ಮೇಲೆ ಕೀಲಿನ ಸಂದಿಗೆ ಒಂದೇ ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ. ಸಾಣೆ ಹಿಡಿದಾಗಿನ ಪುಡಿ ವಾಷರ್ ನಡುವೆ ಉಳಿದಿರುತ್ತದೆ, ಎಷ್ಟೋ ಸಲ ಬಿಗಿತಕ್ಕೆ ಅದೇ ಕಾರಣ. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ಆಮೇಲೂ ಅಲಗು ಪಕ್ಕಕ್ಕೆ ಅಲುಗಾಡಿದರೆ ಸರಿಯಾದ ಟಾರ್ಕ್ಸ್ ಬಿಟ್ (ಆರು ಮೂಲೆಯ ನಕ್ಷತ್ರದಂಥ ಸ್ಕ್ರೂಡ್ರೈವರ್ ತುದಿ, ಅಳತೆ ಹೆಚ್ಚಾಗಿ ಟಿ6 ಅಥವಾ ಟಿ8) ಹಾಕಿ ಕೀಲಿನ ಸ್ಕ್ರೂವನ್ನು 1/8 ಸುತ್ತು ಮಾತ್ರ ಬಿಗಿ ಮಾಡಿ, ನೋಡಿ, ಮತ್ತೆ ಬೇಕಿದ್ದರೆ ಅಷ್ಟೇ. ರಿವೆಟ್ ಹೊಡೆದ ಕೀಲಾದರೆ ಹೀಗೆ ತಿರುಗಿಸಿ ಬಿಗಿ ಮಾಡಲು ಆಗದು. ಲಾಕ್ ಜಾರುವ ಚಾಕುವನ್ನಂತೂ ರಿಪೇರಿ ಮಾಡಲು ಹೋಗಬೇಡಿ, ಬೆರಳಿಗೆ ಅಪಾಯ. ತೊಳೆಯದೆ ಹಾಗೆಯೇ ವಾಪಸ್ ಕಳಿಸಿ.