ಬಿಟ್‌ಲಾಕರ್ ಆನ್ ಮಾಡುವ ಮುಂಚೆ ಒಂದು ಪೆನ್ನು, ಒಂದು ಹಾಳೆ ತಗೊಳ್ಳಿ

ಗೆಳೆಯರೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಅದರಲ್ಲಿ ಬಿಟ್‌ಲಾಕರ್ (ಇಡೀ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನದೇ ಸೌಲಭ್ಯ) ಆನ್ ಇತ್ತು. ಬಯಾಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಅಪ್‌ಡೇಟ್ ಆದಮೇಲೆ ನೀಲಿ ಪರದೆ ಬಂದು, ಆ ಬೀಗ ತೆರೆಯುವ 48 ಅಂಕಿಯ ರಿಕವರಿ ಕೀ ಕೇಳುತ್ತಿತ್ತು. ‘ಕೀ ಎಲ್ಲಿಟ್ಟಿದ್ದೀರಿ?’ ಅಂದೆ. ‘ಪಿಡಿಎಫ್ ಮಾಡಿ ಡೆಸ್ಕ್‌ಟಾಪ್ ಮೇಲೇ ಇಟ್ಟಿದ್ದೀನಲ್ಲ’ ಅಂದರು. ಯಾವ ಡೆಸ್ಕ್‌ಟಾಪ್? ಬೀಗ ಬಿದ್ದಿರುವ ಅದೇ ಲ್ಯಾಪ್‌ಟಾಪಿನದು! ಕೊನೆಗೆ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕಾಯಿತು. ಇಂಥದ್ದನ್ನು ನಾನು ನೋಡಿದ್ದು ಇದು ಮೂರನೇ ಸಲ.

ಮೊದಲು ಬಿಟ್‌ಲಾಕರ್ ಹೇಗೆ ಕೆಲಸ ಮಾಡುತ್ತದೆ ಅಂತ ಚುಟುಕಾಗಿ ನೋಡೋಣ. ನೀವು ಫೈಲ್ ಸೇವ್ ಮಾಡಿದಾಗ ಅದು ನೇರವಾಗಿ ಡಿಸ್ಕ್‌ಗೆ ಹೋಗುವುದಿಲ್ಲ. ಫೈಲ್ ಸಿಸ್ಟಮ್ ಮತ್ತು ಡಿಸ್ಕ್ ನಡುವೆ ಒಂದು ಡ್ರೈವರ್ ಕೂತಿರುತ್ತದೆ. ಕೆಳಗೆ ಹೋಗುವ ಪ್ರತಿ ಸೆಕ್ಟರನ್ನೂ (ಡಿಸ್ಕಿನ ಪುಟ್ಟ ತುಂಡು) ಅದು ಗೂಢಲಿಪಿ ಮಾಡಿ, ಅಂದರೆ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತದೆ, ಮೇಲೆ ಬರುವುದನ್ನು ಬಿಡಿಸಿ ಕೊಡುತ್ತದೆ. ವರ್ಡ್‌ಗಾಗಲಿ ಬ್ರೌಸರ್‌ಗಾಗಲಿ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಆನ್ ಆಗಿ ನೀವು ಲಾಗಿನ್ ಆಗಿದ್ದರೆ ವೈರಸ್‌ಗೂ ಎಲ್ಲ ಫೈಲ್ ಕಾಣುತ್ತದೆ. ಪೆನ್‌ಡ್ರೈವ್‌ಗೆ ಕಾಪಿ ಮಾಡಿದ ಫೈಲ್‌ಗೂ ಈ ಬೀಗ ಇರುವುದಿಲ್ಲ. ಕಳ್ಳ ಲ್ಯಾಪ್‌ಟಾಪ್ ಹೊತ್ತೊಯ್ದು ಡಿಸ್ಕ್ ಬಿಚ್ಚಿ ನೋಡಿದರೆ ಏನೂ ಸಿಗಬಾರದು, ಇದರ ಉದ್ದೇಶ ಅಷ್ಟೇ.

‘ಫೋಲ್ಡರ್ ಲಾಕ್’ ಥರದ ಪುಟ್ಟ ಆ್ಯಪ್‌ಗಳನ್ನು ಇದರ ಜೊತೆ ಹೋಲಿಸಬೇಡಿ. ಅವುಗಳಲ್ಲಿ ಎಷ್ಟೋ ಆ್ಯಪ್‌ಗಳು ಫೋಲ್ಡರನ್ನು ಸುಮ್ನೆ ಮರೆಮಾಡುತ್ತವೆ. ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಜೋಡಿಸಿದರೆ ಎಲ್ಲ ಬಯಲು. ಡಿಸ್ಕ್‌ಗೆ ಬೀಗ ಹಾಕುವ ಹಳೆಯ ಸಾಫ್ಟ್‌ವೇರ್ ಟ್ರೂಕ್ರಿಪ್ಟ್ ಕೂಡ ಬೇಡ. 2014ರಲ್ಲೇ ಅದನ್ನು ಬರೆದವರು ಕೈಬಿಟ್ಟರು. ಅಂಥದ್ದೇ ಬೇಕೆಂದರೆ ಅದರಿಂದಲೇ ಹುಟ್ಟಿದ ವೆರಾಕ್ರಿಪ್ಟ್ ಇದೆ.

ಹಂತ 1. ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಬ್ಯಾಕಪ್ ಮಾಡಿ. ಚಾರ್ಜರ್ ಹಾಕಿ.

ಹಂತ 2. ಈಗಾಗಲೇ ಬೀಗ ಬಿದ್ದಿದೆಯಾ ನೋಡಿ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಸಲ ಡಿವೈಸ್ ಎನ್‌ಕ್ರಿಪ್ಶನ್ (ಬಿಟ್‌ಲಾಕರ್‌ನದೇ ಸರಳ ರೂಪ) ತಾನಾಗೇ ಆನ್ ಆಗುತ್ತದೆ. ಜನರಿಗೆ ಅದು ಗೊತ್ತೇ ಇರುವುದಿಲ್ಲ. ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಕಾಣುತ್ತದೆ. ಆನ್ ಇದ್ದರೆ ನೇರ 4ನೇ ಹಂತಕ್ಕೆ ಬನ್ನಿ.

ಹಂತ 3. ನಿಮ್ಮದು ವಿಂಡೋಸ್‌ನ ಪ್ರೊ ಆವೃತ್ತಿಯಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಟರ್ನ್ ಆನ್ ಬಿಟ್‌ಲಾಕರ್’ ಒತ್ತಿ.

ಹಂತ 4. ಜನ ಎಡವುವುದೆಲ್ಲ ಇಲ್ಲೇ. ರಿಕವರಿ ಕೀ ಎಲ್ಲಿ ಇಡಬೇಕು ಅಂತ ವಿಂಡೋಸ್ ಕೇಳುತ್ತದೆ. ಬೀಗ ಹಾಕುತ್ತಿರುವ ಡಿಸ್ಕ್‌ನಲ್ಲೇ ಸೇವ್ ಮಾಡಲು ಹೋದರೆ ಅದು ಬಿಡುವುದಿಲ್ಲ. ನಮ್ಮ ಜನ ಅದಕ್ಕೂ ದಾರಿ ಹುಡುಕಿದ್ದಾರೆ: ‘ಪ್ರಿಂಟ್’ ಒತ್ತಿ ಪಿಡಿಎಫ್ ಮಾಡಿ ಅದೇ ಡಿಸ್ಕ್‌ಗೆ ಇಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೈಕ್ರೋಸಾಫ್ಟ್ ಖಾತೆಯಲ್ಲಿ ಇಡಬಹುದು. ಆದರೆ ಆ ಖಾತೆಯ ಪಾಸ್‌ವರ್ಡ್ ನಿಮಗೆ ಗೊತ್ತಾ? ಎರಡನೇ ಹಂತದ ಕೋಡ್ ಇನ್ನೂ ಕೈಯಲ್ಲಿರುವ ಫೋನ್‌ಗೇ ಬರುತ್ತದಾ? ಬೇರೊಂದು ಕಂಪ್ಯೂಟರ್‌ನಿಂದ ಒಮ್ಮೆ ಲಾಗಿನ್ ಆಗಿ ಕೀ ಕಣ್ಣಾರೆ ನೋಡಿ. ಒಂದೇ ಖಾತೆಯಲ್ಲಿ ಹಳೆಯ ಲ್ಯಾಪ್‌ಟಾಪ್‌ಗಳ ಕೀಗಳೂ ಸಾಲಾಗಿ ಇರುತ್ತವೆ. ನೀಲಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರಗಳಿಗೆ ಹೊಂದುವುದೇ ನಿಮ್ಮದು. ಹಾಗಾಗಿ ಐಡಿಯನ್ನೂ ಬರೆದಿಟ್ಟುಕೊಳ್ಳಿ.

ಖಾತೆಯಲ್ಲಿ ಇಟ್ಟರೂ ಸರಿ, ಒಂದು ಪ್ರತಿ ಕಾಗದದ ಮೇಲೆ ಇರಲೇಬೇಕು. ಪ್ರಿಂಟರ್ ಇಲ್ಲದಿದ್ದರೆ ಕೈಯಲ್ಲೇ ಬರೆಯಿರಿ. 48 ಅಂಕಿ ಬರೆಯುವಾಗ ತಪ್ಪು ಸಹಜ. ಅದಕ್ಕೊಂದು ಚೆಂದದ ಉಪಾಯ ಇದೆ. ಕೀಯಲ್ಲಿ ಆರಾರು ಅಂಕಿಯ ಎಂಟು ಗುಂಪುಗಳಿರುತ್ತವೆ, ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಉದಾಹರಣೆಗೆ 123453 ಸರಿ, 11223 ಬರುತ್ತದೆ. ಅದನ್ನೇ ಕೈತಪ್ಪಿ 123543 ಅಂತ ಬರೆದಿದ್ದರೆ ಶೇಷ ಉಳಿಯುತ್ತದೆ. ಎಂಟೂ ಗುಂಪನ್ನು ಕ್ಯಾಲ್ಕ್ಯುಲೇಟರ್‌ನಲ್ಲಿ ಭಾಗಿಸಿ ನೋಡಿ, ಎರಡು ನಿಮಿಷದ ಕೆಲಸ. ಗುಂಪುಗಳೇ ಅದಲುಬದಲಾಗಿದ್ದರೆ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅದನ್ನು ಕಣ್ಣಲ್ಲೇ ತಾಳೆ ನೋಡಬೇಕು. ಆ ಕಾಗದ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇರಬಾರದು. ಬ್ಯಾಗ್ ಹೋದರೆ ಬೀಗದ ಜೊತೆ ಕೀಲಿಯೂ ಹೋದಂತೆ, ಅಲ್ವಾ?

ಹಂತ 5. ಬರೀ ಬಳಸಿದ ಜಾಗವೋ, ಇಡೀ ಡಿಸ್ಕೋ ಅಂತ ಕೇಳುತ್ತದೆ. ಹೊಚ್ಚ ಹೊಸ ಲ್ಯಾಪ್‌ಟಾಪ್ ಆದರೆ ಬಳಸಿದ ಜಾಗ ಸಾಕು. ಹಳೆಯದಾದರೆ ಇಡೀ ಡಿಸ್ಕನ್ನೇ ಆರಿಸಿ, ಹೊತ್ತು ಹಿಡಿದರೂ ಪರವಾಗಿಲ್ಲ. ನೀವು ಡಿಲೀಟ್ ಮಾಡಿದ ಫೈಲ್‌ಗಳು ಖಾಲಿ ಜಾಗದಲ್ಲಿ ಇನ್ನೂ ಬಿದ್ದಿರುತ್ತವೆ.

ಹಂತ 6. ‘ನ್ಯೂ ಎನ್‌ಕ್ರಿಪ್ಶನ್ ಮೋಡ್’ ಆರಿಸಿ, ಸಿಸ್ಟಮ್ ಚೆಕ್‌ಗೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ. ಇನ್ನು ನಿಮ್ಮ ಕೆಲಸ ನೋಡಿಕೊಳ್ಳಬಹುದು. ನಡುವೆ ಶಟ್‌ಡೌನ್ ಮಾಡಿದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಕೆಲವರು ‘ನನ್ನ ಎಸ್‌ಎಸ್‌ಡಿಯಲ್ಲೇ ಎನ್‌ಕ್ರಿಪ್ಶನ್ ಇದೆ, ಡ್ರೈವರ್ ಯಾಕೆ?’ ಅನ್ನುತ್ತಾರೆ. 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಹಲವು ಎಸ್‌ಎಸ್‌ಡಿಗಳನ್ನು ಪಾಸ್‌ವರ್ಡ್ ಇಲ್ಲದೆಯೇ ತೆರೆದು ತೋರಿಸಿದರು. ಮರುವರ್ಷ ಮೈಕ್ರೋಸಾಫ್ಟ್ ಕೂಡ ಎಸ್‌ಎಸ್‌ಡಿಯ ಮಾತು ನಂಬುವುದನ್ನು ಬಿಟ್ಟು, ಸಾಫ್ಟ್‌ವೇರ್ ಎನ್‌ಕ್ರಿಪ್ಶನನ್ನೇ ಡಿಫಾಲ್ಟ್ ಮಾಡಿತು. ನಿಧಾನ ಆಗುತ್ತದೆ ಎಂಬ ಭಯವೂ ಜಾಸ್ತಿ ಬೇಡ. ಈಗಿನ ಪ್ರೊಸೆಸರ್‌ಗಳಲ್ಲಿ ಎಇಎಸ್ (ಬಿಟ್‌ಲಾಕರ್ ಬಳಸುವ ಗೂಢಲಿಪಿ ವಿಧಾನ) ಲೆಕ್ಕಕ್ಕೆಂದೇ ಬೇರೆ ಸೂಚನೆಗಳಿವೆ.

ಹಂತ 7. ಪ್ರೊ ಇರುವವರು ಸ್ಟಾರ್ಟ್‌ಅಪ್ ಪಿನ್ (ವಿಂಡೋಸ್ ಶುರುವಾಗುವ ಮುಂಚೆಯೇ ಕೇಳುವ ಪಿನ್) ಹಾಕಲೇಬೇಕು ಅನ್ನುವವನು ನಾನು. ಪಿನ್ ಇಲ್ಲದಿದ್ದರೆ, ಡಿಸ್ಕ್ ಬಿಡಿಸುವ ಕೀಯನ್ನು ಕಾಯುವ ಲ್ಯಾಪ್‌ಟಾಪ್‌ನ ಟಿಪಿಎಂ ಚಿಪ್ ಯಾರನ್ನೂ ಕೇಳದೆ ಅದನ್ನು ಕೊಟ್ಟುಬಿಡುತ್ತದೆ. ಚಿಪ್ ಬೇರೆಯಾಗಿ ಕೂತಿರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ತಂತಿ ಸಿಕ್ಕಿಸಿ ಆ ಕೀಯನ್ನು ಹಿಡಿದವರಿದ್ದಾರೆ. ವಿಂಡೋಸ್‌ನ ಗ್ರೂಪ್ ಪಾಲಿಸಿ ಎಂಬ ಸೆಟ್ಟಿಂಗ್ ಕಿಟಕಿಯಲ್ಲಿ ‘ರಿಕ್ವೈರ್ ಅಡಿಷನಲ್ ಅಥೆಂಟಿಕೇಶನ್ ಅಟ್ ಸ್ಟಾರ್ಟ್‌ಅಪ್’ ಆನ್ ಮಾಡಿ, ಆಮೇಲೆ ಬಿಟ್‌ಲಾಕರ್ ಪುಟಕ್ಕೆ ಬಂದು ಪಿನ್ ಕೊಡಿ. ಪಿನ್ ಪರದೆಯಲ್ಲಿ ಎಸ್ಕೇಪ್ ಒತ್ತಿದರೆ ರಿಕವರಿ ಪರದೆ ಬರುತ್ತದೆ. ಕಾಗದದಲ್ಲಿರುವ ಕೀಯನ್ನು ಒಮ್ಮೆ ಅಲ್ಲೇ ಹೊಡೆದು ನೋಡಿ. ಲ್ಯಾಪ್‌ಟಾಪ್ ತೆರೆದುಕೊಂಡರೆ ಮಾತ್ರ ನಿಮ್ಮ ಹತ್ತಿರ ಕೀ ಇದೆ ಅಂತ ಅರ್ಥ.

ಪ್ರಯಾಣ ಹೊರಟಾಗ ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿ ಬಿಡಬೇಡಿ, ಶಟ್‌ಡೌನ್ ಮಾಡಿ. ಸ್ಲೀಪ್‌ನಲ್ಲಿ ಡಿಸ್ಕ್ ಬಿಡಿಸುವ ಕೀ ರ‍್ಯಾಮ್‌ನಲ್ಲೇ ಉಳಿದಿರುತ್ತದೆ.

ಇನ್ನು ಬಯಾಸ್ ಅಪ್‌ಡೇಟ್. ಅದಕ್ಕೆ ಕೈ ಹಾಕುವ ಮುಂಚೆ ಬಿಟ್‌ಲಾಕರ್ ಪುಟದಲ್ಲಿ ‘ಸಸ್ಪೆಂಡ್ ಪ್ರೊಟೆಕ್ಷನ್’ ಒತ್ತಿ. ‘ಟರ್ನ್ ಆಫ್’ ಅಲ್ಲ, ಅದು ಇಡೀ ಡಿಸ್ಕನ್ನು ಬಿಡಿಸಲು ಕೂರುತ್ತದೆ. ಸಸ್ಪೆಂಡ್ ಮಾಡಿದರೆ ಡಿಸ್ಕ್ ಗೂಢಲಿಪಿಯಲ್ಲೇ ಇರುತ್ತದೆ, ಕೀಯನ್ನು ಮಾತ್ರ ತಾತ್ಕಾಲಿಕವಾಗಿ ಹೊರಗಿಟ್ಟಂತೆ. ಅಪ್‌ಡೇಟ್ ಮುಗಿದು ಮತ್ತೆ ವಿಂಡೋಸ್‌ಗೆ ಬಂದಾಗ ಅದೇ ಪುಟ ತೆರೆದು, ರಕ್ಷಣೆ ಮತ್ತೆ ಆನ್ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ‘ರೆಸ್ಯೂಮ್’ ಒತ್ತಿ.