ಫರ್ಮೆಂಟರ್‌ನಿಂದ ಕೆಗ್‌ಗೆ: ಬಿಯರ್‌ಗೆ ಗಾಳಿ ತಾಕದ ಹಾಗೆ

ಫಿಲ್ಟರ್ ಕಾಫಿಯನ್ನು ಎತ್ತರದಿಂದ ಹೊಯ್ದು ನೊರೆ ಎಬ್ಬಿಸುವ ಕೈ ನಮ್ಮದು. ಮನೆಯಲ್ಲಿ ಮಾಡಿದ ಬಿಯರ್ ಮುಂದೆ ಮಾತ್ರ ಆ ಕೈಯನ್ನು ಕಟ್ಟಿ ಹಾಕಬೇಕು. ಹುದುಗಿ ಮುಗಿದ ಬಿಯರ್‌ಗೆ ಗಾಳಿ ಸೇರಿದರೆ ಕೆಲವೇ ವಾರಗಳಲ್ಲಿ ನೆನೆದ ರಟ್ಟಿನ ರುಚಿ ಬರುತ್ತದೆ. ಹಾಪ್ಸ್ (ಕಹಿ, ಪರಿಮಳ ಕೊಡುವ ಹೂ) ಜಾಸ್ತಿ ಹಾಕಿದ ಐಪಿಎ ಬಗೆಯ ಬಿಯರ್ ಇನ್ನೂ ಬೇಗ ಕೆಡುತ್ತದೆ. ಹೊಂಬಣ್ಣ ಹೋಗಿ ಕಂದಾಗುತ್ತದೆ, ಹಣ್ಣಿನ ಪರಿಮಳ ಮಾಯ.

ಇದು ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ ಬರೆದದ್ದು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಅಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಬಹುದು. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200. ಮಾರುವಂತಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿ ಕಾನೂನಿನ ಪ್ರಕಾರ ಅಪರಾಧ. ರಜೆಗೆ ಊರಿಗೆ ಬಂದಾಗ ಸುಮ್ನೆ ಕೈ ಹಾಕಬೇಡಿ.

ನಾನು ಬಳಸುವುದು ಕೆಳಗೆ ನಲ್ಲಿ ಇರುವ ಪ್ಲಾಸ್ಟಿಕ್ ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ) ಮತ್ತು ಹುದುಗಿದ ಬಿಯರ್ ತುಂಬಿಡುವ 5 ಗ್ಯಾಲನ್‌ನ, ಅಂದರೆ ಸುಮಾರು 19 ಲೀಟರ್‌ನ ಸ್ಟೀಲ್ ಕೆಗ್. ಎಲ್ಲರೂ ಕಾರ್ನಿ ಕೆಗ್ ಅನ್ನುತ್ತಾರೆ. ಮೊದಲು ಇದು ಸೋಡಾ ಅಂಗಡಿಗಳ ಸಿರಪ್ ಡಬ್ಬವಾಗಿತ್ತು.

ಮೊದಲು, ಬಿಯರ್ ತಯಾರಾಗಿದೆಯಾ?

ಏರ್‌ಲಾಕ್‌ನಲ್ಲಿ (ಫರ್ಮೆಂಟರ್‌ನ ಗ್ಯಾಸ್ ಹೊರಹೋಗಲು ಮೇಲೆ ಸಿಕ್ಕಿಸುವ ನೀರಿನ ಬಿರಡೆ) ಗುಳ್ಳೆ ನಿಂತಿತು ಅಂತ ನಂಬಬೇಡಿ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿ. ಎರಡು ಮೂರು ದಿನ ಬಿಟ್ಟು ನೋಡಿದರೂ ಅದೇ ಅಂಕಿ ಬಂದರೆ ಮುಗಿದಿದೆ. ಸಾಮಾನ್ಯ ಏಲ್ ಬಗೆಯ ಬಿಯರ್‌ಗಳು 1.010 ರಿಂದ 1.015ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಆಮೇಲೆ ಒಂದೆರಡು ದಿನ ಫ್ರಿಜ್‌ನಲ್ಲಿಟ್ಟರೆ ಯೀಸ್ಟ್ ಗಷ್ಟು ತಳ ಸೇರುತ್ತದೆ. ತಣ್ಣಗಾದಾಗ ಒಳಗಿನ ಗ್ಯಾಸ್ ಕುಗ್ಗಿ, ಏರ್‌ಲಾಕ್ ಮೂಲಕ ಹೊರಗಿನ ಗಾಳಿ ಒಳಕ್ಕೆ ಬರುತ್ತದೆ. ಹುದುಗುವಾಗ ಬಂದ ಗ್ಯಾಸನ್ನೇ ಬಲೂನಿನಲ್ಲಿ ಹಿಡಿದಿಟ್ಟು, ಈಗ ಏರ್‌ಲಾಕ್ ಜಾಗಕ್ಕೆ ಸಿಕ್ಕಿಸಿದರೆ ಆ ಕಾಟ ತಪ್ಪುತ್ತದೆ.

ಕೆಗ್‌ನಿಂದ ಗಾಳಿ ಓಡಿಸುವುದು

ಕೆಗ್, ಪೈಪು, ನಲ್ಲಿ ಎಲ್ಲವನ್ನೂ ತೊಳೆಯಿರಿ. ಸ್ಟಾರ್ ಸ್ಯಾನ್ ಥರದ ಸ್ಯಾನಿಟೈಸರನ್ನು ಲೀಟರ್ ನೀರಿಗೆ ಒಂದೂವರೆ ಮಿಲಿಯಂತೆ ಕಲಸಿ, ಕೆಗ್ಗನ್ನು ಕಂಠದವರೆಗೆ ತುಂಬಿ, ಮುಚ್ಚಳ ಹಾಕಿ. ಈಗ ಸಿಲಿಂಡರ್‌ನಿಂದ 5 ಪಿಎಸ್‌ಐಯಷ್ಟು (ಒತ್ತಡದ ಅಳತೆ) ಕಾರ್ಬನ್ ಡೈಆಕ್ಸೈಡ್ ಬಿಟ್ಟು ಆ ನೀರನ್ನೆಲ್ಲ ಬಕೆಟ್‌ಗೆ ತಳ್ಳಿಸಿ. ನೀರು ಹೋದ ಜಾಗದಲ್ಲಿ ಕೂರುವುದು ಬರೀ ಗ್ಯಾಸ್. ಖಾಲಿ ಕೆಗ್‌ಗೆ ಗ್ಯಾಸ್ ಊದಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು, ಅದು ಒಳಗಿದ್ದ ಗಾಳಿಯ ಜೊತೆ ಬೆರೆತುಕೊಳ್ಳುತ್ತದೆ. ಉಳಿದ ನೊರೆಗೆ ಹೆದರಬೇಡಿ, ತೊಳೆಯುವುದೂ ಬೇಡ.

ಈ ಹಂತದಲ್ಲೇ ನಾನೊಮ್ಮೆ ಎಡವಿದ್ದು. ಕೆಗ್‌ನ ಒತ್ತಡ ಇಳಿಸದೆ ಪೈಪ್ ಸಿಕ್ಕಿಸಿಬಿಟ್ಟೆ. ಗ್ಯಾಸ್ ಗುಳುಗುಳು ಅಂತ ಫರ್ಮೆಂಟರ್‌ಗೇ ಹಿಂದಕ್ಕೆ ನುಗ್ಗಿ, ಎರಡು ದಿನ ಕೂತ ಗಷ್ಟೆಲ್ಲ ಎದ್ದು ರಾಡಿಯಾಯಿತು. ಮುಚ್ಚಳದ ಮೇಲಿನ ರಿಲೀಫ್ ವಾಲ್ವ್ ಎಳೆದು ಬುಸ್ ಅನ್ನುವುದು ನಿಂತ ಮೇಲೇ ಮುಂದಿನ ಕೆಲಸ.

ಇಳಿಸುವುದು

ಫರ್ಮೆಂಟರ್ ಮೇಜಿನ ಮೇಲಿರಲಿ, ಕೆಗ್ ನೆಲದ ಮೇಲೆ. ಬಾಯಿಂದ ಪೈಪ್ ಎಳೆಯುವ ಪೆಟ್ರೋಲ್ ಕಳ್ಳರ ವಿದ್ಯೆ ಇಲ್ಲಿ ಬೇಡ, ನಮ್ಮ ಬಾಯಿಯ ಸೂಕ್ಷ್ಮಜೀವಿಗಳು ಬಿಯರ್ ಸೇರುತ್ತವೆ. ನಲ್ಲಿಯಿಂದ ಬಂದ ಪೈಪ್‌ನ ತುದಿಗೆ ಕಪ್ಪು ಕನೆಕ್ಟರ್ ಹಾಕಿ. ಅದರ ಪಿನ್ ಒತ್ತಿ, ಬಿಯರ್ ತೊಟ್ಟಿಕ್ಕುವವರೆಗೆ ಪೈಪ್‌ನೊಳಗಿನ ಗಾಳಿ ಹೊರಬಿಡಿ. ಆಮೇಲೆ ಕೆಗ್‌ನ ‘ಔಟ್’ ಕಡೆಗೆ ಸಿಕ್ಕಿಸಿ. ಬಿಯರ್ ಹೊರಬರುವ ದಾರಿಯಲ್ಲೇ ಒಳಕ್ಕಾ? ಹೌದು, ಉದ್ದದ ನಳಿಕೆ ಇರುವುದು ಆ ಕಡೆ. ಬಿಯರ್ ಚಿಮ್ಮದೆ ತಳದಿಂದ ತುಂಬುತ್ತಾ ಬರುತ್ತದೆ. ‘ಇನ್’ ಕಡೆಗೆ ಬೂದು ಕನೆಕ್ಟರ್ ಹಾಕಿ, ಅದರ ಪೈಪನ್ನು ಏರ್‌ಲಾಕ್ ತೆಗೆದ ತೂತಿಗೆ ಬಿಗಿಯಾಗಿ ಸಿಕ್ಕಿಸಿ. ಕೆಳಗೆ ಬಿಯರ್ ಇಳಿದಷ್ಟೂ ಕೆಗ್‌ನ ಗ್ಯಾಸ್ ಮೇಲೆ ಹೋಗಿ ಫರ್ಮೆಂಟರ್ ತುಂಬುತ್ತದೆ. ಹೊರಗಿನ ಗಾಳಿಗೆ ಜಾಗವೇ ಇಲ್ಲ.

ಬೇಗ ಆಗಲಿ ಅಂತ ಪ್ಲಾಸ್ಟಿಕ್ ಬಕೆಟ್‌ಗೋ ಕಾರ್‌ಬಾಯ್ ಎಂಬ ದೊಡ್ಡ ಗಾಜಿನ ಬಾಟಲಿಗೋ ಸಿಲಿಂಡರ್ ಜೋಡಿಸಿ ಒತ್ತಡ ಕೊಡಬೇಡಿ. ಗಾಜು ಸಿಡಿದರೆ ಹೋಗುವುದು ಬಿಯರ್ ಮಾತ್ರ ಅಲ್ಲ.

ಎಷ್ಟು ತುಂಬಿತು ಅಂತ ತಿಳಿಯಲು ಕೆಗ್ಗನ್ನು ಬಾತ್‌ರೂಮ್ ತಕ್ಕಡಿ ಮೇಲಿಡಿ. ಖಾಲಿ ಕೆಗ್‌ನ ತೂಕಕ್ಕಿಂತ 18 ಕಿಲೋ ಏರಿದಾಗ ನಿಲ್ಲಿಸಿ. ನಡುವೆ ಹರಿವು ನಿಂತರೆ ಸಾಮಾನ್ಯವಾಗಿ ಹಾಪ್ಸ್ ಚೂರು ಕನೆಕ್ಟರ್‌ನಲ್ಲಿ ಸಿಕ್ಕಿರುತ್ತದೆ. ನಲ್ಲಿ ಗಷ್ಟು ಎಳೆಯತೊಡಗಿದರೆ ಅಲ್ಲಿಗೆ ಬಿಡಿ, ಕೊನೆಯ ಅರ್ಧ ಲೀಟರ್‌ಗೆ ಆಸೆಪಡಬೇಡಿ.

ಆಮೇಲೆ

ಎರಡೂ ಪೈಪ್ ತೆಗೆದು ಕೆಗ್‌ಗೆ ಗ್ಯಾಸ್ ಜೋಡಿಸಿ, ರಿಲೀಫ್ ವಾಲ್ವ್ ಮೂರು ನಾಲ್ಕು ಸಲ ಎಳೆದು ಬಿಡಿ. ಮುಚ್ಚಳದ ಸುತ್ತ ಸ್ಯಾನಿಟೈಸರ್ ಚಿಮುಕಿಸಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತ. ಇದನ್ನು ಬಿಟ್ಟವರ ಸಿಲಿಂಡರ್ ಬೆಳಗಾಗುವಷ್ಟರಲ್ಲಿ ಖಾಲಿಯಾಗಬಹುದು. ಕಿಟಕಿಯಿಲ್ಲದ ಸಣ್ಣ ಕೋಣೆಯಾದರೆ ಜೀವಕ್ಕೇ ಅಪಾಯ, ಈ ಗ್ಯಾಸ್‌ಗೆ ವಾಸನೆ ಇಲ್ಲ.

ಫ್ರಿಜ್‌ನಲ್ಲಿ 3–4 ಡಿಗ್ರಿ ಸೆಲ್ಸಿಯಸ್, ರೆಗ್ಯುಲೇಟರ್‌ನಲ್ಲಿ 11–12 ಪಿಎಸ್‌ಐ, ಬಿಯರ್‌ನಲ್ಲಿ ಗ್ಯಾಸ್ ಕರಗಲು ಒಂದು ವಾರದಿಂದ ಹತ್ತು ದಿನ. ತಾಳ್ಮೆ ಇಲ್ಲದವರು ಒಂದು ದಿನ 30 ಪಿಎಸ್‌ಐಗೆ ಏರಿಸಿ ಆಮೇಲೆ ಇಳಿಸುತ್ತಾರೆ. ಇಳಿಸಲು ಮರೆತರೆ ಲೋಟದ ತುಂಬ ನೊರೆಯೇ. ನಲ್ಲಿ ತಿರುಗಿಸಿದಾಗ ಬರುವ ಮೊದಲ ಅರ್ಧ ಲೋಟ ಮಬ್ಬಾಗಿರುತ್ತದೆ. ಅದನ್ನು ಸಿಂಕಿಗೆ ಚೆಲ್ಲಿ, ಎರಡನೆಯದನ್ನು ನೆಂಟರಿಗೆ ಕೊಡಿ.