ಐಷಾರಾಮಿ ಕಾರಿನ ಬೆಲೆ ಮತ್ತು ಲೀಸ್: ಮಂಗಳೂರು, ಉಡುಪಿಯ ಗ್ರಾಹಕರು ಡೀಲರ್ ಜೊತೆ ಮಾತಿಗೆ ಕೂರುವ ಮುನ್ನ

ಐಷಾರಾಮಿ ಕಾರಿನ ಶೋರೂಮಿನಲ್ಲಿ ಚೌಕಾಸಿ ಬಹುತೇಕ ತಪ್ಪು ಅಂಕಿಯ ಸುತ್ತ ನಡೆಯುತ್ತದೆ. ಗ್ರಾಹಕರು ಎಕ್ಸ್‌-ಶೋರೂಮ್ ಬೆಲೆಯಲ್ಲಿ (ನೋಂದಣಿ ತೆರಿಗೆ, ವಿಮೆ ಸೇರದ ಬೆಲೆಯಲ್ಲಿ) ಎಷ್ಟು ಇಳಿಸುತ್ತೀರಿ ಎಂದು ಕೇಳುತ್ತಾರೆ. ಡೀಲರ್ ಕಡೆಯವರು ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಿರಿ ಎಂದು ಮರುಪ್ರಶ್ನೆ ಹಾಕುತ್ತಾರೆ. ಎರಡೂ ಪ್ರಶ್ನೆಗಳನ್ನು ಬದಿಗಿಟ್ಟು, ಕಾರು ಮನೆಯಂಗಳಕ್ಕೆ ಬರುವ ಹೊತ್ತಿಗೆ ಒಟ್ಟು ಎಷ್ಟು ಹಣ ಕೈಬಿಡುತ್ತದೆ, ಅದರಲ್ಲಿ ಸರ್ಕಾರಕ್ಕೆ ಸಲ್ಲುವುದು ಯಾವುದು, ಡೀಲರ್ ತನ್ನ ಇಚ್ಛೆಯಂತೆ ಇಳಿಸಬಹುದಾದದ್ದು ಯಾವುದು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಆದ್ದರಿಂದ ಮೊದಲ ಭೇಟಿಯಲ್ಲಿ ಬೆಲೆಯ ಮಾತನ್ನೇ ಎತ್ತದೆ, ಆನ್‌ರೋಡ್ ಲೆಕ್ಕವನ್ನು (ತೆರಿಗೆ, ವಿಮೆ ಎಲ್ಲ ಸೇರಿದ ಮೊತ್ತವನ್ನು) ಬಾಬ್ತುವಾರು ಬರೆದು, ಶೋರೂಮಿನ ಮೊಹರು ಹಾಕಿ ಕೊಡುವಂತೆ ಕೇಳುವುದು ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದೇ ಸಾಲಿನ ಮೊತ್ತವನ್ನು ಕೊಟೇಶನ್ ಎಂದು ಪರಿಗಣಿಸಬಾರದು.

ಆ ಹಾಳೆಯಲ್ಲಿ ದೊಡ್ಡದಾಗಿ ಕಾಣುವ ಕೆಲವು ಸಾಲುಗಳು ಚೌಕಾಸಿಗೆ ಒಗ್ಗುವಂಥವಲ್ಲ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18ರಷ್ಟಿದ್ದು, ತೆರಿಗೆಯ ಮೊತ್ತದ ಮೇಲೆ ಶೇ 11ರ ಉಪಕರ ಸೇರಿದಾಗ ಅದು ಶೇ 19.98 ಆಗುತ್ತದೆ, ಅಂದರೆ 65 ಲಕ್ಷದ ಕಾರಿಗೆ ಸುಮಾರು 13 ಲಕ್ಷ ರೂಪಾಯಿ. 25 ಲಕ್ಷಕ್ಕಿಂತ ದುಬಾರಿಯಾದ ವಿದ್ಯುತ್ ಕಾರುಗಳಿಗೂ 2024ರಲ್ಲಿ ಶೇ 10ರ ಜೀವಿತಾವಧಿ ತೆರಿಗೆ ಬಂದಿತು. 10 ಲಕ್ಷ ಮೀರಿದ ಕಾರಿನ ಮೇಲೆ ಡೀಲರ್ ಸಂಗ್ರಹಿಸುವ ಶೇ 1ರ ಟಿಸಿಎಸ್ (ಮಾರುವವರು ಮೂಲದಲ್ಲೇ ಸಂಗ್ರಹಿಸುವ ಆದಾಯ ತೆರಿಗೆ) ನಿಜವಾದ ಖರ್ಚಲ್ಲ; ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ಟಿಸಿಎಸ್ ನಾವೇ ಭರಿಸುತ್ತೇವೆ ಎಂದು ಹೇಳಿ ಅದನ್ನೇ ರಿಯಾಯಿತಿಯೆಂದು ತೋರಿಸುವವರಿದ್ದಾರೆ. ಅಂಥ ಮಾತಿಗೆ ಪ್ರತಿಯಾಗಿ ಅದೇ ಮೊತ್ತವನ್ನು ಬೆಲೆಯಲ್ಲೇ ಕಡಿತ ಮಾಡುವಂತೆ ಕೇಳಬೇಕು.

ಜಿಎಸ್‌ಟಿಯ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳ ಮೇಲಿನ ತೆರಿಗೆ ಸೆಸ್ ಇಲ್ಲದ ಶೇ 40ಕ್ಕೆ ಬಂದಿದೆ. ಅದಕ್ಕೆ ಮೊದಲು ಸೆಸ್ ಸೇರಿ ಶೇ 50ರವರೆಗೂ ಇತ್ತು. ಹೀಗಾಗಿ ಅದಕ್ಕೂ ಹಿಂದೆ ಕಾರು ಕೊಂಡ ಪರಿಚಿತರ ಬಿಲ್ಲನ್ನು ಆಧಾರವಾಗಿಟ್ಟುಕೊಂಡು, ಅದಕ್ಕಿಂತ ಕಡಿಮೆಗೆ ಸಿಕ್ಕಿತೆಂದು ಸಮಾಧಾನಪಟ್ಟರೆ, ತೆರಿಗೆ ಇಳಿಕೆಯನ್ನೇ ಡೀಲರನ ಔದಾರ್ಯವೆಂದು ಎಣಿಸಿದಂತಾಗುತ್ತದೆ. ಹೋಲಿಕೆಗೆ ಬೇಕಾದದ್ದು ಅದೇ ತಿಂಗಳ, ಅದೇ ಮಾದರಿಯ ಬೆಂಗಳೂರಿನ ಕೊಟೇಶನ್. ರಾಜ್ಯ ಒಂದೇ ಆದ್ದರಿಂದ ತೆರಿಗೆಯ ಸಾಲುಗಳು ಸಮನಾಗಿದ್ದು, ವ್ಯತ್ಯಾಸವೆಲ್ಲ ಡೀಲರ್ ಕಡೆಯದೇ ಎಂಬುದು ಸ್ಪಷ್ಟವಾಗುತ್ತದೆ. ಗಡಿ ದಾಟಿದರೆ ಕಾಸರಗೋಡು, ಅಲ್ಲಿಂದ ಮುಂದೆ ಕೊಚ್ಚಿ ಎಂಬ ಆಸೆ ನಮ್ಮ ಕಡೆ ಸಹಜವೇ ಆದರೂ, ಕಾರು ಇಲ್ಲಿ ಓಡುವುದಾದರೆ ತೆರಿಗೆಯನ್ನು ಇಲ್ಲಿಯೇ ಕಟ್ಟಬೇಕು. ಪುದುಚೇರಿಯ ನೋಂದಣಿ ಮಾಡಿಸಿ ಕೊಡುತ್ತೇವೆ ಎಂಬ ಮಧ್ಯವರ್ತಿಗಳ ಮಾತಿಗಂತೂ ಕಿವಿಗೊಡಬಾರದು. ಹೊರರಾಜ್ಯದ ನೋಂದಣಿ ಇಟ್ಟುಕೊಂಡು ತೆರಿಗೆ ತಪ್ಪಿಸಿದ ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ 2025ರಲ್ಲಿ ಬೆಂಗಳೂರಿನಲ್ಲಿ ಜಪ್ತಿ ಮಾಡಿದೆ.

ಡೀಲರನ ಕೈಯಲ್ಲಿ ಏನಿದೆ

ಎಲ್ಲ ಬ್ರ್ಯಾಂಡ್‌ಗಳಲ್ಲೂ ಡೀಲರನಿಗೆ ಒಂದೇ ಬಗೆಯ ಸ್ವಾತಂತ್ರ್ಯವಿಲ್ಲ. ಮರ್ಸಿಡಿಸ್-ಬೆಂಜ್ 2021ರ ಅಕ್ಟೋಬರ್‌ನಿಂದ ಭಾರತದಲ್ಲಿ ಹೊಸ ಕಾರುಗಳನ್ನು ಕಂಪನಿಯ ಹೆಸರಿನಿಂದಲೇ ಗ್ರಾಹಕರಿಗೆ ಬಿಲ್ ಮಾಡುತ್ತಿದೆ. ಕಾರಿನ ದಾಸ್ತಾನು ಕಂಪನಿಯದು, ಬೆಲೆ ದೇಶಾದ್ಯಂತ ಒಂದೇ, ಡೀಲರ್ ಕೇವಲ ಮಾರಾಟಕ್ಕೆ ನೆರವಾಗುವ ಪಾಲುದಾರ. ಅಲ್ಲಿ ಎಕ್ಸ್‌-ಶೋರೂಮ್ ಬೆಲೆಯನ್ನು ಹಿಡಿದು ಜಗ್ಗುವುದರಿಂದ ಮಧ್ಯಾಹ್ನ ಕಳೆಯುತ್ತದೆಯೇ ಹೊರತು ಬೆಲೆ ಇಳಿಯುವುದಿಲ್ಲ. ಡೀಲರ್ ತಾನೇ ಕಾರನ್ನು ಕೊಂಡು ಮಾರುವ ಬ್ರ್ಯಾಂಡ್‌ಗಳಲ್ಲಿ ಪರಿಸ್ಥಿತಿ ಬೇರೆ. ಅಂಗಳದಲ್ಲಿ ನಿಂತ ಪ್ರತಿಯೊಂದು ಕಾರಿಗೂ ಅವನು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುತ್ತಾನೆ. ಆದ್ದರಿಂದ ಬಹಳ ದಿನದಿಂದ ನಿಂತಿರುವ ಬಣ್ಣ ಅಥವಾ ಮಾದರಿ ಯಾವುದೆಂದು ವಿಚಾರಿಸಿ, ಅದು ನಿಮಗೆ ಒಪ್ಪಿಗೆಯಾದರೆ ಮಾತ್ರ ದೊಡ್ಡ ಕಡಿತವನ್ನು ಕೇಳಬಹುದು. ಕಾರು ತಯಾರಾದ ತಿಂಗಳು ಮತ್ತು ವರ್ಷವನ್ನು ನಮೂನೆ 22ರಲ್ಲಿ (ತಯಾರಕರು ಕೊಡುವ ರಸ್ತೆಯೋಗ್ಯತಾ ಪ್ರಮಾಣಪತ್ರದಲ್ಲಿ) ನೋಡಿ. ಜನವರಿಯಲ್ಲಿ ಕೊಂಡರೂ ಆರ್‌ಸಿಯಲ್ಲಿ ತಯಾರಿಕೆಯ ವರ್ಷ ಹಿಂದಿನದೇ ಆಗಿದ್ದರೆ, ಮುಂದೆ ಮಾರುವಾಗ ಕಾರು ಒಂದು ವರ್ಷ ಹಳೆಯದೆಂದೇ ಲೆಕ್ಕಕ್ಕೆ ಬರುತ್ತದೆ. ಆ ನಷ್ಟವನ್ನು ಇಂದಿನ ಬೆಲೆಯಲ್ಲಿಯೇ ಪಡೆಯಬೇಕು.

ಬೆಲೆ ಅಲುಗದಿದ್ದಾಗಲೂ ಅಲುಗುವ ಸಾಲು ವಿಮೆಯದು. ಶೋರೂಮ್ ಸೂಚಿಸಿದ ವಿಮೆಯನ್ನೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದ್ದು, ಸ್ವಂತ ಹಾನಿಯ ವಿಮೆಯನ್ನು ವರ್ಷಕ್ಕೊಮ್ಮೆ ಬೇರೆ ಕಂಪನಿಯಿಂದಲೂ ಪಡೆಯಬಹುದು. ಹೊರಗಿನಿಂದ ಎರಡು ಕೊಟೇಶನ್ ತಂದು ಮೇಜಿನ ಮೇಲಿಟ್ಟರೆ ಶೋರೂಮಿನ ಪ್ರೀಮಿಯಂ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಆದರೆ ಹೋಲಿಸುವಾಗ ಐಡಿವಿ (ಕಾರು ಪೂರ್ತಿ ನಾಶವಾದರೆ ಅಥವಾ ಕಳವಾದರೆ ವಿಮೆ ಕೊಡುವ ಗರಿಷ್ಠ ಮೊತ್ತ) ಎರಡರಲ್ಲೂ ಒಂದೇ ಇದೆಯೇ ಎಂದು ಪರೀಕ್ಷಿಸಬೇಕು. ಐಡಿವಿ ತಗ್ಗಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಹಳೆಯ ಉಪಾಯ. ಉಳಿತಾಯದ ಹುಮ್ಮಸ್ಸಿನಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಜೂನ್–ಜುಲೈಯಲ್ಲಿ ಪಂಪ್‌ವೆಲ್ ಅಥವಾ ಕೊಟ್ಟಾರ ಚೌಕಿಯ ಬಳಿ ನೀರು ನಿಂತದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಜಿನ್ನಿಗೆ ನೀರು ನುಗ್ಗಿದ ಹಾನಿಯನ್ನು ಸಾಮಾನ್ಯ ಪಾಲಿಸಿ ಭರಿಸದೇ ಹೋಗಬಹುದು.

ಹಳೆಯ ಕಾರಿನ ವಿನಿಮಯವನ್ನು ಹೊಸ ಕಾರಿನ ಬೆಲೆ ಲಿಖಿತವಾಗಿ ಕೈಗೆ ಬಂದ ಮೇಲೆಯೇ ಪ್ರಸ್ತಾಪಿಸಬೇಕು. ಮೊದಲೇ ಹೇಳಿದರೆ, ಒಂದು ಕಡೆ ಕೊಟ್ಟ ರಿಯಾಯಿತಿಯನ್ನು ಇನ್ನೊಂದು ಕಡೆ ಹಳೆಯ ಕಾರಿನ ಬೆಲೆ ತಗ್ಗಿಸಿ ವಾಪಸು ಪಡೆಯುತ್ತಾರೆ. ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್ ಎಂಬ ಹೆಸರಿನ ಸಾಲುಗಳನ್ನು ಹಾಳೆಯಿಂದ ತೆಗೆಸಿ. ಹೆಚ್ಚುವರಿ ವಾರಂಟಿ ಮತ್ತು ಸರ್ವಿಸ್ ಪ್ಯಾಕೇಜುಗಳನ್ನು ಮಾತ್ರ ಗಟ್ಟಿಯಾಗಿ ಕೇಳಿ ಪಡೆಯಿರಿ, ಏಕೆಂದರೆ ಸಮುದ್ರದ ಉಪ್ಪುಗಾಳಿ ಮತ್ತು ಮಳೆಗಾಲದ ರಸ್ತೆ ಸಸ್ಪೆನ್ಶನ್ನಿಗೂ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೂ ಸಮಾನವಾಗಿ ಶತ್ರುಗಳು. ಆಯ್ದ ಬ್ರ್ಯಾಂಡಿನ ಪೂರ್ಣಪ್ರಮಾಣದ ವರ್ಕ್‌ಶಾಪ್ ಊರಿನಲ್ಲಿ ಇಲ್ಲವಾದರೆ, ದೊಡ್ಡ ರಿಪೇರಿಗೆ ಕಾರನ್ನು ಘಾಟಿ ಹತ್ತಿಸಿ ಕೊಂಡೊಯ್ದು ತಂದುಕೊಡುವ ಖರ್ಚು ಯಾರದೆಂದು ಬರೆಸಿಕೊಳ್ಳಬೇಕು. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ವಾರದಲ್ಲಿ ಈ ಸಾಲಿನ ಬೆಲೆ ತಿಳಿಯುತ್ತದೆ.

ಸಮಯದ ವಿಷಯದಲ್ಲಿ ತುಳುನಾಡಿನ ಗ್ರಾಹಕನಿಗೆ ಒಂದು ವಿಶೇಷ ಅನುಕೂಲವಿದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲ, ಹೊಸ ವಾಹನವನ್ನು ಮನೆಗೆ ತರುವವರೂ ವಿರಳ. ಶೋರೂಮಿಗಾದರೋ ತಿಂಗಳ ಗುರಿ ಆಟಿಯಲ್ಲೂ ತಪ್ಪದು. ಈ ಅವಧಿಯಲ್ಲಿ ಮಾತುಕತೆ ಮುಗಿಸಿ, ಬೆಲೆಯನ್ನು ಲಿಖಿತವಾಗಿ ನಿಗದಿಪಡಿಸಿಕೊಂಡು, ಆಟಿ ಮುಗಿದು ಬರುವ ಸೋಣ ತಿಂಗಳಲ್ಲೋ ಚೌತಿಯ ದಿನವೋ ಕಾರನ್ನು ಪಡೆದರೆ ಹಿರಿಯರ ಮನಸ್ಸಿಗೂ ನೋವಾಗುವುದಿಲ್ಲ. ದಸರಾ, ದೀಪಾವಳಿಯ ಹೊತ್ತಿಗೆ ಹೋದರೆ ಮಾರುವವರಿಗೆ ಅವಸರವಿರುವುದಿಲ್ಲ. ಕಂಪನಿಗಳು ಜನವರಿಯಲ್ಲಿ ಬೆಲೆ ಏರಿಸುವುದು ವಾಡಿಕೆಯಾದ್ದರಿಂದ ಡಿಸೆಂಬರ್‌ನ ಕೊನೆಯ ವಾರವೂ ಒಳ್ಳೆಯದೇ, ತಯಾರಿಕೆಯ ವರ್ಷದ ಪ್ರಶ್ನೆಯನ್ನು ಮರೆಯದಿದ್ದರೆ.

ಸಾಲದ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಜಿಲ್ಲೆಗಳಲ್ಲಿ ಶೋರೂಮಿನ ಮೇಜಿನ ಮೇಲಿನ ಸಾಲಪತ್ರಕ್ಕೆ ಓದದೆ ಸಹಿ ಹಾಕುವವರನ್ನು ಕಂಡರೆ ಆಶ್ಚರ್ಯವಾಗುತ್ತದೆ. ಫ್ಲ್ಯಾಟ್ ದರದಲ್ಲಿ (ಪೂರ್ತಿ ಅವಧಿಗೂ ಮೊದಲ ಸಾಲದ ಮೊತ್ತದ ಮೇಲೆಯೇ ಬಡ್ಡಿ) ಶೇ 6 ಎಂದು ಹೇಳಿದ ಐದು ವರ್ಷಗಳ ಸಾಲ, ಇಳಿಯುವ ಬಾಕಿಯ ಲೆಕ್ಕದಲ್ಲಿ ಶೇ 11ರ ಸಮೀಪ ಬರುತ್ತದೆ. ಮೊದಲು ನಿಮ್ಮ ಬ್ಯಾಂಕಿನಿಂದ ಮಂಜೂರಾತಿ ಪತ್ರ ಪಡೆದುಕೊಂಡು ಹೋಗಿ. ಅದಕ್ಕಿಂತ ಕಡಿಮೆ ದರವನ್ನು ಶೋರೂಮ್ ಕೊಟ್ಟರೆ, ಅವಧಿಗೆ ಮುನ್ನ ಸಾಲ ತೀರಿಸುವ ಶುಲ್ಕವನ್ನು ನೋಡಿಕೊಂಡು ಒಪ್ಪಿಕೊಳ್ಳಿ.

ಲೀಸ್ ಕರಾರು

ಲೀಸ್‌ನಲ್ಲಿ, ಅಂದರೆ ಕಾರನ್ನು ಕೊಳ್ಳದೆ ನಿಗದಿತ ಅವಧಿಗೆ ತಿಂಗಳ ಬಾಡಿಗೆಗೆ ಪಡೆಯುವಾಗ, ಮಾತುಕತೆ ಹೆಚ್ಚು ಸೂಕ್ಷ್ಮವಾದದ್ದು, ಏಕೆಂದರೆ ಕಾಣುವುದು ತಿಂಗಳ ಬಾಡಿಗೆ ಒಂದೇ. ಅದರ ಹಿಂದೆ ನಾಲ್ಕು ಅಂಕಿಗಳಿವೆ: ಲೀಸ್ ಕಂಪನಿ ಲೆಕ್ಕಕ್ಕೆ ಹಿಡಿದ ಕಾರಿನ ವೆಚ್ಚ, ಅವಧಿಯ ಕೊನೆಯಲ್ಲಿ ಉಳಿಯುವ ಮೌಲ್ಯ, ಬಡ್ಡಿಯ ದರ, ಮತ್ತು ಅವಧಿ. ವೆಚ್ಚ 80 ಲಕ್ಷ, 48 ತಿಂಗಳ ಬಳಿಕದ ಉಳಿಕೆ ಮೌಲ್ಯ 32 ಲಕ್ಷ, ಬಡ್ಡಿ ಶೇ 10 ಎಂದಿಟ್ಟುಕೊಳ್ಳೋಣ. ಸವಕಳಿಯ 48 ಲಕ್ಷವನ್ನು 48ರಿಂದ ಭಾಗಿಸಿದರೆ ತಿಂಗಳಿಗೆ 1 ಲಕ್ಷ; 80 ಮತ್ತು 32ರ ಸರಾಸರಿಯಾದ 56 ಲಕ್ಷದ ಮೇಲೆ ವರ್ಷಕ್ಕೆ 5.6 ಲಕ್ಷ ಬಡ್ಡಿಯಾದರೆ ತಿಂಗಳಿಗೆ ಸುಮಾರು 46,700. ಜಿಎಸ್‌ಟಿಗೆ ಮೊದಲು ಬಾಡಿಗೆ ಸುಮಾರು 1,46,700 ರೂಪಾಯಿ ಆಗಬೇಕು. ಅವರು ಹೇಳಿದ ಮೊತ್ತ ಇದಕ್ಕಿಂತ ಬಹಳ ಮೇಲಿದ್ದರೆ ವಿಮೆ, ನಿರ್ವಹಣೆ, ಟೈರು ಇವುಗಳಲ್ಲಿ ಯಾವುದು ಒಳಗಿದೆಯೆಂದು ಕೇಳಬೇಕು. ಕಾರಿನ ವೆಚ್ಚ 1 ಲಕ್ಷ ಇಳಿದರೆ ಬಾಡಿಗೆ ತಿಂಗಳಿಗೆ 2,500 ರೂಪಾಯಿ ಇಳಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಲೀಸ್‌ಗೆ ಬೆಲೆಯ ಚೌಕಾಸಿ ಬೇಡ ಎಂಬ ಮಾತಿಗೆ ಬಲಿಯಾಗುವುದಿಲ್ಲ.

ಉಳಿಕೆ ಮೌಲ್ಯವನ್ನು 36 ಲಕ್ಷಕ್ಕೆ ಏರಿಸಿದರೆ ಅದೇ ಬಾಡಿಗೆ 1,40,000ಕ್ಕೆ ಇಳಿಯುತ್ತದೆ. ಇದು ಲಾಭವೋ ಬಲೆಯೋ ಎಂಬುದು ಒಂದೇ ಷರತ್ತಿನ ಮೇಲೆ ನಿಂತಿದೆ: ಕೊನೆಯಲ್ಲಿ ಕಾರು 36 ಲಕ್ಷಕ್ಕೆ ಮಾರಾಟವಾಗದಿದ್ದರೆ ಕೊರತೆಯನ್ನು ಯಾರು ತುಂಬಬೇಕು? ಕಂಪನಿಯೇ ತುಂಬುವುದಾದರೆ ಹೆಚ್ಚಿನ ಉಳಿಕೆ ಮೌಲ್ಯ ನಿಮಗೆ ಒಳ್ಳೆಯದು. ನೀವು ತುಂಬುವುದಾದರೆ ಅದು ಮುಂದೂಡಿದ ಸಾಲ. ಕಂತಿನ ಕೊನೆಯಲ್ಲಿ ದೊಡ್ಡ ಮೊತ್ತವಿರುವ, ಕಾರನ್ನು ನಿಶ್ಚಿತ ಬೆಲೆಗೆ ವಾಪಸು ಪಡೆಯುವ ಭರವಸೆಯ ಯೋಜನೆಗಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಕಿಲೋಮೀಟರ್ ಮಿತಿಯನ್ನು ಸ್ವಂತ ಓಡಾಟದ ಲೆಕ್ಕದಿಂದ ನಿರ್ಧರಿಸಬೇಕು. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ವರ್ಷದಲ್ಲಿ 300 ದಿನ ಹೋಗಿಬಂದರೆ 36,000. ತಿಂಗಳಿಗೆರಡು ಬಾರಿ ಮಾತ್ರ ಮಂಗಳೂರಿನಿಂದ ಬೆಂಗಳೂರಿಗೆ ಹೋಗಿಬರುವವರಿಗೂ ಆ ದಾರಿಯದೇ 17,000ದಷ್ಟಾಗುತ್ತದೆ. ವರ್ಷಕ್ಕೆ 15,000ದ ಮಿತಿಗೆ ಸಹಿ ಹಾಕಿ ಕೊನೆಯಲ್ಲಿ ಕಿಲೋಮೀಟರ್ ಲೆಕ್ಕದ ದಂಡ ತೆರುವುದಕ್ಕಿಂತ, ಆರಂಭದಲ್ಲೇ ದೊಡ್ಡ ಮಿತಿಗೆ ದರ ಕೇಳುವುದು ಅಗ್ಗ. ಮಿತಿಯನ್ನು ವರ್ಷಕ್ಕೆ ಬದಲಾಗಿ ಇಡೀ ಅವಧಿಗೆ ಅನ್ವಯಿಸುವಂತೆ ಬರೆಸಿದರೆ ಮತ್ತಷ್ಟು ಅನುಕೂಲ. ಕೊಲ್ಲಿಯಲ್ಲಿದ್ದು ರಜೆಗೆ ಮಾತ್ರ ಊರಿಗೆ ಬರುವವರಿಗೆ ಲೀಸ್ ತಕ್ಕುದಲ್ಲ. ಓಡದ ಕಾರಿಗೂ ಬಾಡಿಗೆ ಓಡುತ್ತದೆ.

ಬಾಡಿಗೆಯ ಮೇಲಿನ ಜಿಎಸ್‌ಟಿ ಅಂಥ ಕಾರನ್ನು ಕೊಳ್ಳುವಾಗಿನ ದರದಲ್ಲೇ ಬೀಳುವುದರಿಂದ, ತೆರಿಗೆ ಸೇರಿದ ಮೊತ್ತವನ್ನೇ ಹೋಲಿಕೆಗೆ ಕೇಳಬೇಕು. ಕಾರು ಕೊಳ್ಳುವಾಗ ತೆತ್ತ ಜಿಎಸ್‌ಟಿಯನ್ನು ಲೀಸ್ ಕಂಪನಿ ಇನ್‌ಪುಟ್ ಕ್ರೆಡಿಟ್ ಆಗಿ (ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ) ಪಡೆಯುತ್ತಿದ್ದರೆ, ಆ ತೆರಿಗೆ ಕಾರಿನ ವೆಚ್ಚದೊಳಗೆ ಇನ್ನೊಮ್ಮೆ ಸೇರಿರಬಾರದು. ವ್ಯಾಪಾರಿಗಳು ಮತ್ತು ವೈದ್ಯರು ಸಂಸ್ಥೆಯ ಹೆಸರಿನಲ್ಲಿ ಪಡೆದರೆ ಬಾಡಿಗೆಯ ಜಿಎಸ್‌ಟಿ ವಾಪಸು ಬರುತ್ತದೆಂಬ ಮಾತು ಆಗಾಗ ಕೇಳಿಬರುತ್ತದೆ. ಚಾಲಕ ಸೇರಿ 13 ಜನರವರೆಗಿನ ಕಾರುಗಳಿಗೆ, ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿಯಂಥ ವ್ಯವಹಾರಗಳನ್ನು ಬಿಟ್ಟರೆ, ಆ ಕ್ರೆಡಿಟನ್ನು ಕಾನೂನು ತಡೆದಿದೆ. ಬಾಡಿಗೆಯನ್ನು ವ್ಯವಹಾರದ ಖರ್ಚಾಗಿ ತೋರಿಸುವುದು ಬೇರೆ ವಿಷಯ, ಅದನ್ನು ನಿಮ್ಮ ಲೆಕ್ಕಪರಿಶೋಧಕರ ಬಳಿ ಖಚಿತಪಡಿಸಿಕೊಳ್ಳಿ.

ಕರಾರಿನ ಕೊನೆಯ ಪುಟಗಳಲ್ಲಿ ಮೂರು ಷರತ್ತುಗಳನ್ನು ತಿದ್ದಿಸದೆ ಸಹಿ ಹಾಕಬಾರದು. ಕಾರು ಮರಳಿಸುವಾಗಿನ ಸವೆತಕ್ಕೆ ಚಿತ್ರಸಹಿತವಾದ ಮಾನದಂಡವಿರಬೇಕು ಮತ್ತು ಪರಿಶೀಲನೆ ಸ್ವತಂತ್ರ ಸರ್ವೇಯರ್‌ನಿಂದ ನಡೆಯಬೇಕು. ಹೆದ್ದಾರಿ 66ರಲ್ಲಿ ಓಡಿದ ಕಾರಿನ ಗಾಜಿಗೂ ರಿಮ್ಮಿಗೂ ಕಲ್ಲಿನ ಗುರುತು ಬೀಳದೆ ಇರುವುದಿಲ್ಲ. ಅವಧಿಗೆ ಮುನ್ನ ಕೈಬಿಟ್ಟರೆ ಎಷ್ಟು ತೆರಬೇಕೆಂಬುದು ವರ್ಷವಾರು ಅಂಕಿಯಲ್ಲಿರಬೇಕು, ಕಂಪನಿಯ ವಿವೇಚನೆಗೆ ಬಿಟ್ಟಿರಬಾರದು. ಕಾರು ಪೂರ್ತಿ ನಾಶವಾದರೆ ಅಥವಾ ಕಳವಾದರೆ ವಿಮೆ ಕೊಡುವ ಮೊತ್ತಕ್ಕೂ ಲೀಸ್ ಬಾಕಿಗೂ ನಡುವಿನ ಅಂತರವನ್ನು ಯಾರು ಭರಿಸುವರೆಂದು ಸ್ಪಷ್ಟವಾಗಿ ಬರೆದಿರಬೇಕು.

ಬುಕಿಂಗ್ ಹಣ ಕೊಡುವುದು ಇದೆಲ್ಲ ಆದ ಮೇಲೆ. ರಸೀದಿಯಲ್ಲಿ ಒಪ್ಪಿದ ಬೆಲೆ, ಬಣ್ಣ, ತಯಾರಿಕೆಯ ವರ್ಷ, ವಿತರಣೆಯ ಕೊನೆಯ ದಿನ, ಆ ದಿನ ತಪ್ಪಿದರೆ ಹಣ ಪೂರ್ತಿ ಮರಳಿಸುವ ಒಪ್ಪಂದ ಇವಿಷ್ಟೂ ಇರಲಿ, ಮತ್ತು ಸಹಿ ಸೇಲ್ಸ್‌ನವರದಲ್ಲದೆ ಮ್ಯಾನೇಜರ್ ಅವರದಾಗಿರಲಿ, ಏಕೆಂದರೆ ಕಾರು ಬರುವ ಹೊತ್ತಿಗೆ ಮಾತು ಕೊಟ್ಟ ಹುಡುಗ ಬೇರೆ ಶೋರೂಮಿಗೆ ಸೇರಿರುವುದು ಈ ವ್ಯಾಪಾರದಲ್ಲಿ ತೀರಾ ಸಾಮಾನ್ಯ.